ಕಿಟಕಿ ಪಕ್ಕದ ಬರ್ನರು

ಇಪ್ಪತ್ತೆರಡು ಮಂದಿಗೆ ಆರು ಬಗೆಯ ಲವಣ ಹಂಚಿದ್ದಳು ಆಂಡಾಳ್. ಇಪ್ಪತ್ತೆರಡು ಮಂದಿಯೂ ಸೋಡಿಯಂ ಎಂದು ಬರೆದುಕೊಟ್ಟಿದ್ದರು.

ಮಳವಳ್ಳಿಯಿಂದ ಮಂಡ್ಯಕ್ಕೆ ಹೊರಡುವ ಸಂಜೆಯ ಬಸ್ಸು ಮದ್ದೂರಿನಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು. ಡ್ರೈವರು, ಕಂಡಕ್ಟರು ಇಬ್ಬರೂ ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ರೆಕಾರ್ಡು ಪುಸ್ತಕಗಳನ್ನು ತಿದ್ದಿ ಮುಗಿಸುವುದು ಅವಳ ಅಭ್ಯಾಸ. ಅವತ್ತು ಹತ್ತನೆಯ ಪುಸ್ತಕಕ್ಕೆ ಬಂದವಳು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗೆ ತುರುಕಿಬಿಟ್ಟಳು. ಜ್ವಾಲೆಯ ಬಣ್ಣ ಬಂಗಾರದ ಹಳದಿ, ಆದ್ದರಿಂದ ಸೋಡಿಯಂ. ಹತ್ತರಲ್ಲೂ ಅದೇ ಮಾತು, ಅದೇ ಕಾಗುಣಿತದ ತಪ್ಪು. ಬೇರಿಯಂ ಸಿಕ್ಕಿದವನಿಗೂ ಸೋಡಿಯಂ ಕಂಡಿದೆ, ಸ್ಟ್ರಾನ್ಷಿಯಂ ಸಿಕ್ಕಿದವನಿಗೂ ಸೋಡಿಯಂ ಕಂಡಿದೆ. ತಾಮ್ರದ ಲವಣವಂತೂ ಪೊಟ್ಟಣ ಬಿಚ್ಚಿದ ಕೂಡಲೇ ನೀಲಿಯಾಗಿ ಕಣ್ಣಿಗೆ ರಾಚುತ್ತದೆ. ಅದನ್ನೂ ಬೆಂಕಿಗೆ ಹಿಡಿದು ಹಳದಿ ಎಂದು ಬರೆದಿದ್ದ ಮಹಾಶಯನೊಬ್ಬ.

ಆಂಡಾಳ್‌ಗೆ ಆಗ ಮೂವತ್ತೊಂದು ವರ್ಷ. ಸಾವಿರದ ಒಂಬೈನೂರ ಎಪ್ಪತ್ತಾರರ ಜುಲೈನಲ್ಲಿ ಮಳವಳ್ಳಿಯ ಆ ಕಾಲೇಜಿಗೆ ರಸಾಯನಶಾಸ್ತ್ರದ ಅಧ್ಯಾಪಕಿಯಾಗಿ ಬಂದಿದ್ದಳು. ಮಂಡ್ಯದಲ್ಲಿ ತಾಯಿ ತಿರುಮಲಮ್ಮನ ಜೊತೆ ವಾಸ, ದಿನವೂ ಬಸ್ಸಿನ ಓಡಾಟ. ಅವಳಿಗಿಂತ ಮುಂಚೆ ಇದ್ದ ಅಧ್ಯಾಪಕರು ಮೈಸೂರಿಗೆ ವರ್ಗ ಮಾಡಿಸಿಕೊಂಡು ಹೋದ ಮೇಲೆ ಒಂದೂವರೆ ವರ್ಷ ಆ ಜಾಗ ಖಾಲಿಯಿತ್ತು. ಭೌತಶಾಸ್ತ್ರದ ಮೇಷ್ಟ್ರು ಎರಡನ್ನೂ ನೋಡಿಕೊಳ್ಳುತ್ತಿದ್ದರು, ಅಂದರೆ ಒಂದನ್ನೂ ನೋಡಿಕೊಂಡಿರಲಿಲ್ಲ.

ಮಾರನೆಯ ದಿನ ತರಗತಿಗೆ ಹೋದವಳೇ ಎಲ್ಲರನ್ನೂ ಎದ್ದು ನಿಲ್ಲಿಸಿದಳು. ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡುವುದಕ್ಕೂ ಒಂದು ಮರ್ಯಾದೆ ಬೇಡವೇ ಎಂದು ರೇಗಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ, ತಾವು ನಕಲು ಮಾಡಿಲ್ಲವೆಂದೂ, ಬೇಕಾದರೆ ಮೇಡಮ್ಮೇ ಬಂದು ನೋಡಬಹುದೆಂದೂ ಮೆಲ್ಲಗೆ ಹೇಳಿದ. ಸರಿ, ನೋಡೋಣ ಎಂದು ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದಳು. ತಂತಿಯನ್ನು ಆಸಿಡ್ಡಿನಲ್ಲಿ ಅದ್ದಿ, ಬೇರಿಯಂ ಲವಣ ತಾಗಿಸಿ, ಬರ್ನರಿನ ಉರಿಗೆ ಹಿಡಿದಳು. ಹಸಿರು ಬರಬೇಕಿತ್ತು. ಬರಲಿಲ್ಲ. ಹಳದಿ ಉರಿ ಹಳದಿಯಾಗಿಯೇ ಇತ್ತು. ತಂತಿಯ ತುದಿಗೆ ಮಸಿ ಹಿಡಿದಿತ್ತು.

ಅವಳು ಆಗಷ್ಟೇ ಆ ಕೋಣೆಯನ್ನು ಸರಿಯಾಗಿ ನೋಡಿದ್ದು. ಇಪ್ಪತ್ತು ಬರ್ನರುಗಳಲ್ಲಿ ಹದಿನೆಂಟು ಉರಿಯುತ್ತಿದ್ದವು. ಹದಿನೆಂಟೂ ದೇವರ ಮನೆಯ ದೀಪದ ಹಾಗೆ ಹಳದಿಯಾಗಿ ಬಳುಕುತ್ತಿದ್ದವು. ಬೀಕರುಗಳ ತಳವೆಲ್ಲ ಬಾಣಲೆಯಂತೆ ಕಪ್ಪಾಗಿತ್ತು. ಬರ್ನರಿನ ಬುಡದಲ್ಲಿ ಗಾಳಿ ಒಳಗೆ ಹೋಗುವುದಕ್ಕೆ ಒಂದು ತೂತು, ತೂತಿನ ಸುತ್ತ ತಿರುಗಿಸುವ ಒಂದು ಬಳೆ ಇರುತ್ತದೆ. ಬಳೆ ತಿರುಗಿಸಿ ತೂತು ಮುಚ್ಚಿದರೆ ಒಳಗೆ ಗಾಳಿಯಿಲ್ಲದೆ ಗ್ಯಾಸು ಅರೆಬರೆ ಉರಿದು, ಮಸಿಯ ಕಣಗಳು ಕಾದು ಹೊಳೆದು ಉರಿ ಹಳದಿಯಾಗುತ್ತದೆ. ತೂತು ತೆಗೆದರೆ ಗಾಳಿ ಬೆರೆತು ಉರಿ ನೀಲಿಗೆ ತಿರುಗುತ್ತದೆ, ಮಸಿ ನಿಲ್ಲುತ್ತದೆ, ಕಾವು ಹೆಚ್ಚುತ್ತದೆ. ಲವಣದ ಬಣ್ಣ ಕಾಣುವುದು ಆ ನೀಲಿಯಲ್ಲಿ ಮಾತ್ರ. ಇದು ಎಂಟನೆಯ ತರಗತಿಯ ಪುಸ್ತಕದಲ್ಲೇ ಇರುವ ವಿಷಯ. ಆಂಡಾಳ್ ಬಳೆ ಹಿಡಿದು ತಿರುಗಿಸಲು ನೋಡಿದಳು. ಅಲ್ಲಾಡಲಿಲ್ಲ. ಪಕ್ಕದ್ದನ್ನು ನೋಡಿದಳು. ಅದೂ ಅಲ್ಲಾಡಲಿಲ್ಲ. ಬೆರಳು ಸುಟ್ಟುಕೊಂಡಿದ್ದೇ ಲಾಭ.

ಲ್ಯಾಬಿನ ಅಟೆಂಡರ್ ಮರಿಯಯ್ಯನನ್ನು ಕರೆದು ಕೇಳಿದಾಗ, ತುಕ್ಕು ಹಿಡಿದಿದೆ ಎಂದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬೆಳಗ್ಗೆ ಏಳಕ್ಕೇ ಬಂದು ಹಿತ್ತಿಲ ತಗಡಿನ ಮನೆಯಲ್ಲಿ ಗ್ಯಾಸ್ ಪ್ಲಾಂಟಿಗೆ ಬೆಂಕಿ ಹಾಕುತ್ತಿದ್ದ. ಕೆಂಪಗೆ ಕಾದ ಕಬ್ಬಿಣದ ಕೊಳವೆಯೊಳಕ್ಕೆ ಸೀಮೆಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಟ್ಟು ಗ್ಯಾಸು ಮಾಡುವ ಯಂತ್ರ ಅದು. ಹುಟ್ಟಿದ ಗ್ಯಾಸು ನೀರಿನ ತೊಟ್ಟಿಯಲ್ಲಿ ಬೋರಲಾಗಿ ತೇಲುವ ದೊಡ್ಡ ಪೀಪಾಯಿಯೊಳಗೆ ತುಂಬಿಕೊಂಡು, ಅಲ್ಲಿಂದ ಕೊಳಾಯಿಯಲ್ಲಿ ಲ್ಯಾಬಿಗೆ ಬರುತ್ತಿತ್ತು. ಹದಿನಾಲ್ಕು ವರ್ಷದಿಂದ ಒಂದು ದಿನವೂ ಗ್ಯಾಸು ತಪ್ಪಿಸಿದವನಲ್ಲ. ಅಂಥವನು ತುಕ್ಕು ಎಂದರೆ ತುಕ್ಕೇ ಇರಬೇಕೆಂದು ಆಂಡಾಳ್ ಸೀಮೆಎಣ್ಣೆ ಹಚ್ಚಿ ಎರಡು ದಿನ ಬಿಡಲು ಹೇಳಿದಳು. ಎರಡು ದಿನ ಬಿಟ್ಟು ನೋಡಿದರೂ ಅಷ್ಟೇ. ವಾರ ಬಿಟ್ಟರೂ ಅಷ್ಟೇ.

ಕೊನೆಗೆ ಒಂದು ಮಧ್ಯಾಹ್ನ ಹದಿನೆಂಟನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಕನ್ನಡಕ ಮೂಗಿನ ಮೇಲೆ ಏರಿಸಿ ನೋಡಿದಳು. ಪ್ರತಿಯೊಂದರ ಬಳೆಯ ಮೇಲೂ ಒಂದೇ ಜಾಗದಲ್ಲಿ ಕಡಲೆಕಾಳಿನಷ್ಟು ಒಂದು ತಗ್ಗು ಇತ್ತು. ಯಾರೋ ಉಳಿ ಇಟ್ಟು ಹೊಡೆದಿದ್ದರು.

ಅವಳು ಮರಿಯಯ್ಯನನ್ನು ಕರೆದು ಅವನ ಮುಖ ನೋಡಿದಳು. "ಹದಿನೆಂಟಕ್ಕೂ ಅಳತೆ ಮಾಡಿ ಒಂದೇ ಕಡೆ ಹಿಡಿಯೋ ತುಕ್ಕನ್ನ ನಾನು ಎಲ್ಲೂ ಓದಿಲ್ಲ, ಮರಿಯಯ್ಯ."

ಮರಿಯಯ್ಯ ಒಂದು ಬರ್ನರು ಎತ್ತಿ ಬಳೆಯ ತಗ್ಗಿನ ಮೇಲೆ ಬೆರಳಿಟ್ಟ. ಆಮೇಲೆ ಹೇಳಿದ: "ನಾನೇ ಒಡಿಸ್ದೆ ಅಮ್ಮಾವ್ರೆ. ಕುಲುಮೆ ಲಿಂಗಯ್ಯನ ತಾವ ಚೀಲದಲ್ಲಿ ತಕ್ಕೊಂಡೋಗಿ, ತೂತು ಮುಚ್ಚಿ, ಒಂದೊಂದ್ಕೂ ಏಟು ಆಕಿಸ್ದೆ. ನೀಲಿ ಉರಿ ಕಣ್ಣಿಗೆ ಕಾಣಾಕಿಲ್ಲ. ಅಳದೀದು ಕಾಣ್ತದೆ. ಕಾಣೋ ಉರಿ ಮ್ಯಾಕೆ ಯಾವ ಮಗೂವೆ ಸೆರಗು ಬುಡಾಕಿಲ್ಲ."

ಆಮೇಲೆ ಅವನಿಂದ ಒಂದೊಂದೇ ಮಾತು ಎಳೆದು ಎಳೆದು ಕೇಳಬೇಕಾಯಿತು. ಎರಡೂವರೆ ವರ್ಷದ ಹಿಂದೆ, ಒಂದು ಫೆಬ್ರವರಿಯ ಬೆಳಗ್ಗೆ, ಪೂರ್ವದ ಕಿಟಕಿಯ ಪಕ್ಕದ ಬೆಂಚಿನಲ್ಲಿ ಹೊಂಬಾಳಮ್ಮ ಎನ್ನುವ ಹುಡುಗಿ ಪ್ರಯೋಗ ಮಾಡುತ್ತಿದ್ದಳು. ಬಂಡೂರಿನವಳು. ಬರ್ನರು ಪೂರಾ ಗಾಳಿ ತೆಗೆದುಕೊಂಡು ಮೊರೆಯುತ್ತಿತ್ತು. ಕಿಟಕಿಯಿಂದ ಬಿಸಿಲು ನೇರ ಬೆಂಚಿನ ಮೇಲೆ ಬೀಳುತ್ತಿತ್ತು. ಆ ಬಿಸಿಲಿನಲ್ಲಿ ನೀಲಿ ಉರಿ ಇಲ್ಲವೇ ಇಲ್ಲವೆನ್ನುವ ಹಾಗೆ ಮಾಯವಾಗಿತ್ತು. ಮೇಷ್ಟ್ರು ಸ್ಟಾಫ್ ರೂಮಿಗೆ ಹೋಗಿದ್ದರು. ಹುಡುಗಿ ಆಚೆ ಬದಿಯ ಆಸಿಡ್ ಬಾಟಲಿಗೆ ಕೈ ಚಾಚಿದಾಗ ದಾವಣಿ ಹೊತ್ತಿಕೊಂಡಿತು. ಮರಿಯಯ್ಯ ಕಾಲೊರೆಸುವ ಗೋಣಿಯನ್ನೇ ಎಳೆದು ಸುತ್ತಿ ಆರಿಸಿದ. ಅಷ್ಟರಲ್ಲಿ ಎಡಗೈ ಮೊಳಕೈವರೆಗೂ ಬೆಂದಿತ್ತು. ಬರ್ನರು ಹಚ್ಚಿ ಬಳೆ ತೆಗೆದಿಟ್ಟವನು ತಾನೇ ಎಂಬುದನ್ನು ಅವನು ಎರಡು ಸಲ ಹೇಳಿದ.

ಆಂಡಾಳ್‌ಗೆ ಸಿಟ್ಟು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಮರಿಯಯ್ಯ ಮಾಡಿದ್ದು ತಪ್ಪು. ಎರಡು ವರ್ಷಗಳಲ್ಲಿ ಇಲ್ಲಿ ಓದಿದ ಮಕ್ಕಳು ಜ್ವಾಲಾ ಪರೀಕ್ಷೆ ಎಂದರೆ ಸೋಡಿಯಂ ಎಂದು ಬಾಯಿಪಾಠ ಮಾಡಿ ಹೊರಗೆ ಹೋಗಿದ್ದಾರೆ. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಬಳಸದೆ ಇರುವಾಗ ಕಾಣಲಿ ಅಂತ ಗಾಳಿ ಮುಚ್ಚಿ ಉರಿಯನ್ನು ಹಳದಿಯಾಗಿ ಇಡಬೇಕೆಂದು ಅವಳೇ ಮೈಸೂರಿನಲ್ಲಿ ಓದುವಾಗ ಕಲಿತಿದ್ದಳು. ಅಷ್ಟನ್ನು ಯಾರಾದರೂ ಈ ಮನುಷ್ಯನಿಗೂ ಆ ಹುಡುಗಿಗೂ ಒಂದು ಸಲ ಹೇಳಿಕೊಟ್ಟಿದ್ದರೆ ಬೆಂಕಿಯೂ ಇರುತ್ತಿರಲಿಲ್ಲ, ಉಳಿಯ ಏಟೂ ಇರುತ್ತಿರಲಿಲ್ಲ.

ಪ್ರಿನ್ಸಿಪಾಲ್ ಯೋಗಾನರಸಿಂಹಯ್ಯನವರ ಕೋಣೆಗೆ ಹೋಗಿ ಹೊಸ ಬರ್ನರು ಬೇಕೆಂದಳು. ಅವರು ಫೈಲಿನಿಂದ ತಲೆ ಎತ್ತಲಿಲ್ಲ. ಎಲ್ಲಾ ಬರ್ನರೂ ಹತ್ತುತ್ತವೆಂದು ಸ್ಟಾಕ್ ಪುಸ್ತಕದಲ್ಲಿದೆಯಲ್ಲ ಎಂದರು. ಹತ್ತುತ್ತವೆ, ಆದರೆ ಉರಿ ಹಳದಿ ಎಂದಳು. "ಹಳದಿ ಉರಿಯಲ್ಲೂ ನೀರು ಕಾಯತ್ತಲ್ಲಮ್ಮ ಆಂಡಾಳ್," ಎಂದರು ಅವರು, ತಾಳ್ಮೆಯಿಂದ, ಚಿಕ್ಕ ಮಗುವಿಗೆ ಹೇಳುವ ಹಾಗೆ. ಅವಳು ನೇರ ಹೊರಗೆ ಬಂದಳು.

ಬಂದವಳು ಹದಿನೆಂಟು ಬರ್ನರನ್ನೂ ಗೋಣಿಚೀಲಕ್ಕೆ ತುಂಬಿಸಿ, ಮರಿಯಯ್ಯನನ್ನು ಕರೆದುಕೊಂಡು ತಾನೇ ಲಿಂಗಯ್ಯನ ಕುಲುಮೆಗೆ ಹೋದಳು. ಲಿಂಗಯ್ಯ ತನ್ನದೇ ಕೆಲಸವನ್ನು ತಾನೇ ಕೆಡಿಸಬೇಕಲ್ಲ ಎಂದು ಗೊಣಗುತ್ತ ಒಂದೊಂದನ್ನೇ ಕಾಯಿಸಿ, ತಟ್ಟಿ ಬಿಡಿಸಿದ. ಹನ್ನೆರಡು ಸರಿಹೋದವು. ಆರರ ಬಳೆ ಸೀಳಿಹೋಯಿತು. ಹನ್ನೆರಡಾದರೂ ಆಯಿತಲ್ಲ ಎಂದು ತಂದು ಹಚ್ಚಿ ನೋಡಿದರೆ, ಮರಿಯಯ್ಯ ಬೆನ್ನಿಗೇ ಬಂದು ಎಲ್ಲವನ್ನೂ ಮುಚ್ಚುತ್ತಾ ಹೋದ. ಅವಳು ತೆಗೆಯುವುದು, ಅವನು ಮುಚ್ಚುವುದು. ಮೂರು ದಿನ ಇದೇ ಆಯಿತು. ನಾಲ್ಕನೆಯ ದಿನ ಅವನನ್ನು ಕೂರಿಸಿ, ಒಲೆಗೆ ಊದುಗೊಳವೆಯಲ್ಲಿ ಊದಿದರೆ ಹೊಗೆ ಹೋಗಿ ಉರಿ ಹೇಗೆ ಬಿಳುಪಾಗುತ್ತದೋ ಹಾಗೆಯೇ ಇದು, ಹಚ್ಚುವಾಗ ಮುಚ್ಚಿರಬೇಕು, ಕೆಲಸದಲ್ಲಿ ತೆಗೆದಿರಬೇಕು, ಕೈ ಬಿಟ್ಟ ಕೂಡಲೇ ಮುಚ್ಚಬೇಕು ಎಂದು ಬಿಡಿಸಿ ಹೇಳಿದಳು. ಅವನು ಎಲ್ಲಾ ಕೇಳಿಸಿಕೊಂಡ. ಕಿಟಕಿಯ ಸಾಲಿನ ನಾಲ್ಕು ಬರ್ನರು ಮಾತ್ರ ಹಚ್ಚುವುದಿಲ್ಲ ಎಂದ. ಅದಕ್ಕಿಂತ ಮುಂದೆ ಅವನನ್ನು ಒಂದಂಗುಲ ಜರುಗಿಸಲು ಆಗಲಿಲ್ಲ.

ನವೆಂಬರಿನಲ್ಲಿ ಪಿ.ಯು.ಸಿ. ಪರೀಕ್ಷೆಯ ಪಟ್ಟಿ ತಯಾರು ಮಾಡುವಾಗ, ಹಳೆಯ ಬಾಕಿಯವರ ಹೆಸರಿನಲ್ಲಿ ಹೊಂಬಾಳಮ್ಮನದೂ ಇತ್ತು. ಬರೆಯುವ ಪರೀಕ್ಷೆಗಳೆಲ್ಲ ಪಾಸು. ಬಲಗೈ ಸರಿಯಿತ್ತಲ್ಲ, ಕಟ್ಟಿದ ಎಡಗೈ ಇಟ್ಟುಕೊಂಡೇ ಬಂದು ಬರೆದಿದ್ದಳು. ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಒಂದು ಬಾಕಿ. ಮೂರು ಸಲ ಗೈರುಹಾಜರಿ. ಒಂದೇ ಒಂದು ಮೂರು ಗಂಟೆಯ ಪರೀಕ್ಷೆಗಾಗಿ ಎರಡೂವರೆ ವರ್ಷ ಮನೆಯಲ್ಲಿ ಕೂತಿದ್ದಾಳೆ ಹುಡುಗಿ. ಆಂಡಾಳ್‌ಗೆ ಅದಕ್ಕೂ ರೇಗಿತು. ಮುಂದಿನ ಭಾನುವಾರ ಮರಿಯಯ್ಯನ ಜೊತೆ ಬಂಡೂರಿಗೆ ಹೋದಳು.

ಹೊಂಬಾಳಮ್ಮನ ತಂದೆ ಪುಟ್ಟಮಾದಯ್ಯ ಕುರಿದೊಡ್ಡಿಯ ಬೇಲಿ ಕಟ್ಟುತ್ತಿದ್ದವನು ಕೈ ಒರೆಸಿಕೊಂಡು ಬಂದು ಚಾಪೆ ಹಾಸಿದ. ಮರಿಯಯ್ಯನನ್ನು ನೋಡಿ ತಲೆಯಾಡಿಸಿದನೇ ಹೊರತು ಮಾತಾಡಿಸಲಿಲ್ಲ. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ಇಪ್ಪತ್ತು ವರ್ಷ ಇರಬಹುದು, ಸಣಕಲು ಮೈ, ಗಟ್ಟಿ ದವಡೆ. ಸುಟ್ಟ ಗಾಯದ ಚರ್ಮ ಎಡಗೈಯಲ್ಲಿ ಸುಕ್ಕಾಗಿ ಹೊಳೆಯುತ್ತಿತ್ತು. ಅದನ್ನು ಮುಚ್ಚಿಕೊಳ್ಳುವ ಯೋಚನೆಯೇ ಅವಳಿಗಿದ್ದಂತೆ ಕಾಣಲಿಲ್ಲ.

ಆಂಡಾಳ್ ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತುಗಳನ್ನು ಹೇಳಿದಳು. ಹೆದರಿಕೆ ಸಹಜ, ಆದರೆ ಹೆದರಿಕೆಗೆ ಓದನ್ನು ಬಲಿ ಕೊಡಬಾರದು, ತಾನು ಪಕ್ಕದಲ್ಲೇ ಇರುತ್ತೇನೆ. ಹೊಂಬಾಳಮ್ಮ ಕೊನೆಯವರೆಗೂ ಕೇಳಿದಳು.

"ಎದ್ರಿಕೆ ಅಂತ ಯಾರಂದ್ರು ಮೇಡಂ? ಉರಿ ಕಾಣ್ತಿರ್ಲಿಲ್ಲ ಅಂದೆ, ಯಾರೂ ಕಿವಿಗಾಕ್ಕಳ್ಳಿಲ್ಲ. ನಂದೇ ತಪ್ಪು ಅಂತ ಬರ್ಕಂಡು ನಮ್ಮಪ್ಪನ ಕೈಲಿ ಎಬ್ಬೆಟ್ಟು ಒತ್ತಿಸ್ಕಂಡ್ರು. ಓದಾಕೆ ಬರ್ದಿರೋ ಮನ್ಸನ ಕೈಲಿ. ಆ ರೂಮಿಗೆ ನಾನ್ಯಾಕೆ ಬರ್ಲಿ?"

ಪುಟ್ಟಮಾದಯ್ಯ ನೆಲ ನೋಡುತ್ತಿದ್ದ. ಆಂಡಾಳ್‌ಗೆ ಆ ವರದಿಯ ವಿಷಯವೇ ಗೊತ್ತಿರಲಿಲ್ಲ.  ಅದನ್ನು ತಾನು ಬದಲಾಯಿಸಲಾರೆ ಎಂದೂ, ಶನಿವಾರ ಮಧ್ಯಾಹ್ನ ಲ್ಯಾಬು ಖಾಲಿ ಇರುತ್ತದೆ ಎಂದೂ ಹೇಳಿ ಎದ್ದಳು. ವಾಪಸು ಬರುವ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಎರಡು ಮೈಲಿ ನಡೆದರು. ಇಡೀ ದಾರಿ ಅವಳು ಪ್ರಿನ್ಸಿಪಾಲರನ್ನು, ಬಸ್ಸನ್ನು, ತನ್ನ ಹೊಸ ಚಪ್ಪಲಿಯನ್ನು ಬೈದುಕೊಂಡಳು. ಮರಿಯಯ್ಯ ಹೂಂಗುಟ್ಟುತ್ತಾ ಬಂದ.

ಸೋಮವಾರ ಆಫೀಸಿನ ಗುಮಾಸ್ತರಿಂದ ಆ ಫೈಲು ಕೇಳಿ ಪಡೆದು ಓದಿದಳು. ಒಂದೇ ಪುಟ. ವಿದ್ಯಾರ್ಥಿನಿಯ ಅಜಾಗರೂಕತೆಯಿಂದ ಆದ ಅವಘಡ ಎಂದಿತ್ತು. ಕೆಳಗೆ ಹೆಬ್ಬೆಟ್ಟಿನ ಗುರುತು. ಉರಿ ಹೇಗಿತ್ತು, ಬಿಸಿಲು ಎಲ್ಲಿಂದ ಬೀಳುತ್ತಿತ್ತು, ಮೇಷ್ಟ್ರು ಎಲ್ಲಿದ್ದರು, ಒಂದು ಮಾತೂ ಇಲ್ಲ. ಇದನ್ನು ತಿದ್ದಬೇಕು ಸಾರ್ ಎಂದು ಯೋಗಾನರಸಿಂಹಯ್ಯನವರ ಮುಂದೆ ಇಟ್ಟರೆ, ಮುಗಿದ ವಿಷಯ ಕೆದಕಬಾರದು ಎಂದು ಫೈಲಿನ ದಾರ ಕಟ್ಟಿದರು.

ಹೊಂಬಾಳಮ್ಮ ಆ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಡಿಸೆಂಬರಿನ ಎರಡನೆಯ ಶನಿವಾರ, ಆಂಡಾಳ್ ಬೀಗ ಹಾಕಿ ಹೊರಡುವ ಹೊತ್ತಿಗೆ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡು ಬಂದು ನಿಂತಳು. ಪಾಸು ಮಾಡಿದರೆ ಮಂಡ್ಯದಲ್ಲಿ ಟೀಚರ್ ಟ್ರೈನಿಂಗಿಗೆ ಸೇರಬಹುದಂತೆ, ಅದಕ್ಕೆ ಬಂದೆ, ಬೇರೇನಕ್ಕೂ ಅಲ್ಲ ಎಂದಳು. ಮರಿಯಯ್ಯ ಅವಳನ್ನು ನೋಡಿ ಬೀಗದ ಕೈ ತೆಗೆದುಕೊಂಡ.

ಮೊದಲನೆಯ ದಿನವೇ ಎಡವಟ್ಟಾಯಿತು. ಮಧ್ಯಾಹ್ನವಾದ್ದರಿಂದ ಪೀಪಾಯಿಯಲ್ಲಿ ಗ್ಯಾಸು ಇಳಿದಿತ್ತು. ಕೊಳಾಯಿಯಲ್ಲಿ ಗ್ಯಾಸು ಕಡಿಮೆ, ಬಳೆ ಪೂರಾ ತೆಗೆದಿದ್ದರಿಂದ ಗಾಳಿ ಹೆಚ್ಚು. ಉರಿ ಪಟ್ಟೆಂದು ಸದ್ದು ಮಾಡಿ ಕೊಳವೆಯೊಳಗೆ ಇಳಿದು ಬುಡದಲ್ಲಿ ಸಿಳ್ಳೆ ಹಾಕುತ್ತಾ ಉರಿಯತೊಡಗಿತು. ಹೊಂಬಾಳಮ್ಮ ಕೈಲಿದ್ದ ಗಾಜಿನ ಕೊಳವೆಯನ್ನು ಕೆಳಗೆ ಹಾಕಿ ಬಾಗಿಲವರೆಗೆ ಓಡಿದಳು. ಆಂಡಾಳ್ ಗ್ಯಾಸು ನಿಲ್ಲಿಸಿ, ಒಡೆದ ಗಾಜನ್ನು ನೋಡಿ, ಇಷ್ಟಕ್ಕೆಲ್ಲ ಓಡಿದರೆ ಟೀಚರ್ ಆದ ಹಾಗೇ ಎಂದುಬಿಟ್ಟಳು. ಅಂದ ಮರುಗಳಿಗೆಗೆ ನಾಲಗೆ ಕಚ್ಚಿಕೊಂಡಳು. ಹುಡುಗಿ ಬಾಗಿಲ ಬಳಿಯೇ ನಿಂತು, ಬೆವರು ಒರೆಸಿಕೊಂಡು, ಉರಿ ಯಾಕೆ ಒಳಗೆ ಹೋಯಿತು ಅದನ್ನು ಮೊದಲು ಹೇಳಿ ಎಂದಳು. ಆಂಡಾಳ್ ಹೇಳಿದಳು. ಗ್ಯಾಸು ಮೇಲಕ್ಕೆ ನುಗ್ಗುವ ಬಿರುಸಿಗಿಂತ ಉರಿ ಕೆಳಕ್ಕೆ ಹರಿಯುವ ಬಿರುಸು ಹೆಚ್ಚಾದರೆ ಉರಿ ಒಳಗೆ ಇಳಿಯುತ್ತದೆ. ಗ್ಯಾಸು ಕಡಿಮೆಯಿದ್ದಾಗ ಗಾಳಿಯನ್ನೂ ಕಡಿಮೆ ಮಾಡಬೇಕು. ಹೊಂಬಾಳಮ್ಮ ಅದನ್ನು ತಾನೇ ನಾಲ್ಕು ಸಲ ಮಾಡಿ ನೋಡಿದಳು: ಬೇಕೆಂದೇ ಉರಿಯನ್ನು ಒಳಗಿಳಿಸಿ, ಗ್ಯಾಸು ನಿಲ್ಲಿಸಿ, ಬಳೆ ಮುಚ್ಚಿ, ಮತ್ತೆ ಹಚ್ಚಿದಳು. ಪ್ರತಿ ಸಲವೂ ಮರಿಯಯ್ಯನ ಕೈ ಪಕ್ಕದ ಒದ್ದೆ ಗೋಣಿಯ ಮೇಲಿತ್ತು.

ಇನ್ನೊಂದು ವಿಷಯ ಆಂಡಾಳ್ ಗಮನಿಸಿದಳು. ಎಷ್ಟು ಹೇಳಿದರೂ ಹೊಂಬಾಳಮ್ಮ ತನಗೆ ಕೊಟ್ಟ ಬೆಂಚಿನಲ್ಲಿ ನಿಲ್ಲುತ್ತಿರಲಿಲ್ಲ. ಬರ್ನರನ್ನು ರಬ್ಬರ್ ಕೊಳವೆ ಎಳೆಯುವಷ್ಟು ದೂರ ಎಳೆದುಕೊಂಡು, ಕಪ್ಪು ಹಲಗೆಗೆ ಎದುರಾಗಿ ನಿಲ್ಲುತ್ತಿದ್ದಳು. ಎರಡು ವಾರ ಸಹಿಸಿಕೊಂಡು, ಮೂರನೆಯ ವಾರ, ಇದೇನು ಹಟ ಎಂದು ಕೇಳಿದಳು. ಹಲಗೆ ಹಿಂದೆ ಇದ್ದರೆ ಉರಿ ಕಾಣುತ್ತದೆ ಎಂದಳು ಹುಡುಗಿ. ಆಂಡಾಳ್ ಹೋಗಿ ಅವಳ ಜಾಗದಲ್ಲಿ ನಿಂತು ನೋಡಿದಳು. ಕಪ್ಪು ಹಿನ್ನೆಲೆಯಲ್ಲಿ ನೀಲಿ ಉರಿ ಹೊರಗೊಂದು, ಒಳಗೊಂದು ಮೊಗ್ಗಿನ ಹಾಗೆ ಸ್ಪಷ್ಟವಾಗಿ ನಿಂತಿತ್ತು. ಎಂಟು ವರ್ಷ ಬರ್ನರಿನ ಮುಂದೆ ನಿಂತ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಬೇಸರ ಬಂತು.

ಸ್ಟೋರಿನಲ್ಲಿ ಒಡೆದ ಕಪ್ಪು ಹಲಗೆಗಳು ಎರಡಿದ್ದವು. ಮರಿಯಯ್ಯ ಅವನ್ನು ಮೊಳದುದ್ದ ಕೊಯ್ದು, ಇದ್ದಿಲು ಪುಡಿಯಲ್ಲಿ ಬಳಿದು, ಕಾಲು ಹೊಡೆದು, ಒಂದೊಂದು ಬರ್ನರಿನ ಹಿಂದೆಯೂ ಒಂದೊಂದು ನಿಲ್ಲಿಸಿದ. ಕಿಟಕಿಯ ಗಾಳಿಯನ್ನೂ ಅವು ತಡೆಯುತ್ತಿದ್ದವು. ಉರಿ ಅತ್ತಿತ್ತ ವಾಲುವುದು ನಿಂತಿತು. ಆಮೇಲೆ ಯಾರೂ ಹೇಳದೆಯೇ ಅವನು ಕಿಟಕಿಯ ಸಾಲಿನ ನಾಲ್ಕನ್ನೂ ಹಚ್ಚಿದ. ಜನವರಿಯಲ್ಲಿ ಇಪ್ಪತ್ತೆರಡು ಮಂದಿಯಲ್ಲಿ ಹದಿನೇಳು ಮಂದಿ ತಮ್ಮ ಲವಣ ಸರಿಯಾಗಿ ಗುರುತಿಸಿದರು. ಉಳಿದ ಐವರು ಸೋಡಿಯಂ ಬಿಡಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆ ಫೆಬ್ರವರಿ ಕೊನೆಗೆ ಬಂತು. ಹೊರಗಿನ ಪರೀಕ್ಷಕರಾಗಿ ಬಂದವರು ಸಂಪತ್ ಕುಮಾರ್ ಎನ್ನುವವರು; ಕೋಟು, ಕರಿ ಚೌಕಟ್ಟಿನ ಕನ್ನಡಕ, ಗಡಿಯಾರ ನೋಡಿಕೊಂಡೇ ಮಾತಾಡುವ ಅಭ್ಯಾಸ. ಒಳಗೆ ಕಾಲಿಟ್ಟವರೇ ಹಲಗೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಅಡ್ಡ ಇಟ್ಟು ಪರೀಕ್ಷೆ ಮಾಡುವುದನ್ನು ಎಲ್ಲೂ ಕಂಡಿಲ್ಲ, ಚೀಟಿ ಇಟ್ಟುಕೊಂಡರೆ ಗೊತ್ತಾಗುವುದು ಹೇಗೆ, ತೆಗೆಯಿರಿ ಎಂದರು. ಆಂಡಾಳ್ ಕಾರಣ ಹೇಳಿದಳು. ಅವರು ಗಡಿಯಾರ ನೋಡಿದರು. ಜೊತೆಗೆ ಬಂದಿದ್ದ ಯೋಗಾನರಸಿಂಹಯ್ಯನವರು, ಪರೀಕ್ಷಕರು ಹೇಳಿದ ಮೇಲೆ ಮುಗಿಯಿತಲ್ಲಮ್ಮ ಎಂದರು. ಎರಡು ತಿಂಗಳ ಕೆಲಸವನ್ನು ನಾಲ್ಕು ನಿಮಿಷದಲ್ಲಿ ಎತ್ತಿ ಗೋಡೆಗೆ ಒರಗಿಸಲಾಯಿತು. ಮರಿಯಯ್ಯ ಒಂದನ್ನೂ ಮುಟ್ಟಲಿಲ್ಲ. ಇನ್ನೊಬ್ಬ ಅಟೆಂಡರನ್ನು ಕರೆಸಬೇಕಾಯಿತು.

ನಂಬರಿನ ಪ್ರಕಾರ ಹೊಂಬಾಳಮ್ಮನಿಗೆ ಬಂದದ್ದು ಪೂರ್ವದ ಕಿಟಕಿಯ ಸಾಲು. ಹತ್ತು ಗಂಟೆಯ ಬಿಸಿಲು ಬೆಂಚಿನ ತುಂಬ ಬಿದ್ದಿತ್ತು. ಆ ಸಾಲಿನ ಉಳಿದ ಮೂವರು ಆಗಲೇ ಬರ್ನರು ಹಚ್ಚಿ ಕೆಲಸ ಶುರು ಮಾಡಿದ್ದರು. ಅವಳು ಕೈಕಟ್ಟಿ ನಿಂತಿದ್ದಳು. ಪರೀಕ್ಷಕರು ಅಂಕಪಟ್ಟಿ ಹಿಡಿದು ಅತ್ತ ಬಂದು, ಯಾಕೆ ಹಚ್ಚಿಲ್ಲ ಎಂದು ಕೇಳಿದರು.

"ಅಲಗೆ ಇಟ್ರೆ ಅಚ್ತೀನಿ ಸಾರ್. ಇದೇ ಜಾಗದಲ್ಲಿ ಉರಿ ಕಾಣ್ದೆ ಸುಟ್ಕಂಡಿದೀನಿ."

 ಇದೂ ಕೈಬಿಟ್ಟುಹೋಯಿತು, ನಾಲ್ಕನೆಯ ಸಲವೂ ಗೈರುಹಾಜರಿ ಎಂದುಕೊಂಡಳು ಆಂಡಾಳ್. ಬಾಯಿ ಮುಚ್ಚಿಕೊಂಡು ಹಚ್ಚಬಾರದೇ ಎಂದು ಒಂದು ಕ್ಷಣ ಹುಡುಗಿಯ ಮೇಲೇ ರೇಗಿತು. ಸಂಪತ್ ಕುಮಾರರು ತಾವು ಇಪ್ಪತ್ತು ವರ್ಷದಿಂದ ಬರ್ನರು ನೋಡಿದ್ದೇವೆಂದೂ, ಉರಿ ಕಾಣದಿರುವುದು ಕಣ್ಣಿನ ದೋಷವೆಂದೂ ಹೇಳಿದರು.

"ಅಂಗಾರೆ ಈ ಸಾಲಲ್ಲಿ ಎಷ್ಟು ಬರ್ನರು ಅತ್ಕಂಡವೆ, ನೀವೇ ಎಣ್ಸಿ ಏಳಿ ಸಾರ್," ಎಂದಳು ಹೊಂಬಾಳಮ್ಮ.

 ಪರೀಕ್ಷಕರು ಬೆಂಚಿನ ಉದ್ದಕ್ಕೂ ನೋಡಿದರು. ಒಂದರ ಮೇಲೆ ಬೀಕರಿನ ನೀರು ಕುದಿಯುತ್ತಿತ್ತು, ಇನ್ನೊಂದು ಹಳದಿಯಾಗಿತ್ತು. ಎರಡು ಎಂದು ಹೇಳಿ, ಮೂರನೆಯದರ ಆಚೆ ಇದ್ದ ಹುಡುಗನ ಉತ್ತರ ಪತ್ರಿಕೆಯ ನಂಬರು ನೋಡಲು ಬಗ್ಗಿದರು. ಕೈಯಲ್ಲಿದ್ದ ಅಂಕಪಟ್ಟಿಯ ತುದಿ ಮೊದಲು ಕಂದಾಯಿತು, ಆಮೇಲೆ ಸುರುಳಿ ಸುತ್ತಿತು, ಆಮೇಲೆ ಹೊತ್ತಿಕೊಂಡಿತು. ಅವರಿಗೆ ತಿಳಿಯುವ ಮೊದಲೇ ಮರಿಯಯ್ಯನ ಒದ್ದೆ ಗೋಣಿ ಬಂದು ಅವರ ಕೈ, ಪಟ್ಟಿ, ಕೋಟಿನ ತೋಳು ಎಲ್ಲವನ್ನೂ ಒಟ್ಟಿಗೆ ಸುತ್ತಿಕೊಂಡಿತು.

ಯಾರೂ ನಗಲಿಲ್ಲ. ಗೋಣಿ ಬಿಚ್ಚಿದಾಗ ಕೈಗೆ ಏನೂ ಆಗಿರಲಿಲ್ಲ. ತೋಳಿನ ಒಂದು ಗುಂಡಿ ಹೋಗಿತ್ತು, ಪಟ್ಟಿಯಲ್ಲಿ ಅರ್ಧ ಉಳಿದಿತ್ತು. ಸಂಪತ್ ಕುಮಾರರು ಮೂರನೆಯ ಬರ್ನರಿನ ಮೇಲೆ, ಬಹಳ ಎತ್ತರದಿಂದ, ಅಂಗೈ ಚಾಚಿ ನೋಡಿ ಹಿಂದಕ್ಕೆ ಎಳೆದುಕೊಂಡರು. ಬಗ್ಗಿ, ಪಕ್ಕದಿಂದ, ಕೈ ನೆರಳು ಮಾಡಿ ಮತ್ತೆ ನೋಡಿದರು. ಕೊನೆಗೆ ಹಲಗೆಗಳನ್ನು ಇಡಲು ಹೇಳಿದರು. ಅವರ ದನಿ ಇಳಿದಿತ್ತು. ಈ ಸಲ ಮರಿಯಯ್ಯನೇ ಎಲ್ಲವನ್ನೂ ಹೊತ್ತು ತಂದ.

ಹೊಂಬಾಳಮ್ಮ ಬಳೆ ಮುಚ್ಚಿ ಬರ್ನರು ಹಚ್ಚಿದಳು, ಕಡ್ಡಿ ಆರಿಸಿದಳು, ಬಳೆಯನ್ನು ಮುಕ್ಕಾಲು ತೆಗೆದಳು.  ತಂತಿಯ ತುದಿಯಲ್ಲಿ ಎಳೆ ಹಸಿರು ಹೊಮ್ಮಿತು. ಬೇರಿಯಂ ಎಂದು ಬರೆದಳು, ಸರಿಯಾಗಿತ್ತು. ಲವಣದ ಇನ್ನರ್ಧವನ್ನು ತಪ್ಪು ಬರೆದಳು. ನೈಟ್ರೇಟನ್ನು ಕ್ಲೋರೈಡ್ ಎಂದಿದ್ದಳು. ಅದನ್ನು ನಾಲ್ಕು ಶನಿವಾರ ಒತ್ತಿ ಒತ್ತಿ ಹೇಳಿಕೊಟ್ಟಿದ್ದ ಆಂಡಾಳ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಅಂತೂ ಪಾಸಿಗೆ ಬೇಕಾದಷ್ಟಾಯಿತು.

ಸಂಜೆ ಸಂಪತ್ ಕುಮಾರರು ತಮ್ಮ ವರದಿಯಲ್ಲಿ ಒಂದು ಪ್ಯಾರಾ ಬರೆದರು: ಪೂರ್ವದ ಕಿಟಕಿಯ ಸಾಲಿನಲ್ಲಿ ಬೆಳಗಿನ ಬಿಸಿಲಿಗೆ ಬರ್ನರಿನ ಉರಿ ಕಾಣುವುದಿಲ್ಲ, ಇದನ್ನು ಸ್ವತಃ ಪರೀಕ್ಷಿಸಿ ನೋಡಿದ್ದೇನೆ, ಹಲಗೆಗಳು ಇರತಕ್ಕದ್ದು. ಅಂಕಪಟ್ಟಿ ಸುಟ್ಟದ್ದನ್ನು ಬರೆಯಲಿಲ್ಲ. ಹೊಸದನ್ನು ಕೂತು ಮತ್ತೆ ಬರೆದರು. ಆ ಪ್ಯಾರಾದ ನಕಲನ್ನು ಆಂಡಾಳ್ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು, ಹಳೆಯ ಫೈಲಿಗೆ ಸೇರಿಸಬೇಕೆಂದಳು. ಯೋಗಾನರಸಿಂಹಯ್ಯನವರು ಅದನ್ನು ಎರಡು ಸಲ ಓದಿದರು. ಹಳೆಯ ವರದಿಯನ್ನು ಹೊರಗೆ ತೆಗೆಯಲು ಬರುವುದಿಲ್ಲ ಎಂದರು. ತೆಗೆಯಿರಿ ಎಂದು ತಾನು ಹೇಳಲಿಲ್ಲ, ಇದನ್ನು ಅದರ ಮೇಲಿಡಿ ಎಂದು ಹೇಳಿದೆ ಎಂದಳು ಅವಳು. ಅವರು ದಾರ ಬಿಚ್ಚಿ, ಮೇಲಿಟ್ಟು, ಕಟ್ಟಿದರು. ಕ್ಷಮೆಯ ಮಾತು ಅವರ ಬಾಯಿಂದ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಜೂನಿನಲ್ಲಿ ಹೊಂಬಾಳಮ್ಮ ತಂದೆಯ ಜೊತೆ ಸರ್ಟಿಫಿಕೇಟಿಗೆ ಬಂದಳು. ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಆ ಫೈಲನ್ನು ಒಮ್ಮೆ ಓದಬೇಕು ಎಂದಾಗ ಗುಮಾಸ್ತರು ಆಂಡಾಳ್ ಮುಖ ನೋಡಿದರು, ಆಂಡಾಳ್ ತಲೆಯಾಡಿಸಿದಳು. ಹುಡುಗಿ ಬೆಂಚಿನ ಮೇಲೆ ಕೂತು ಮೊದಲು ಪರೀಕ್ಷಕರ ಪ್ಯಾರಾವನ್ನು, ಆಮೇಲೆ ಕೆಳಗಿನ ಹಾಳೆಯನ್ನು, ಎರಡನ್ನೂ ತಂದೆಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ಪುಟ್ಟಮಾದಯ್ಯ ತನ್ನ ಹೆಬ್ಬೆಟ್ಟಿನ ಗುರುತನ್ನು ಬಗ್ಗಿ ನೋಡಿದ.

"ಎಸ್ರುನ್ನೂ ಸರ್ಯಾಗಿ ಬರ್ದಿಲ್ಲ ಕಣಪ್ಪ," ಎಂದಳು ಅವಳು. "ಒನ್ನಾಳಮ್ಮ ಅಂತ ಬರ್ದವ್ರೆ."

ಆಂಡಾಳ್ ಕನ್ನಡಕ ಏರಿಸಿ ನೋಡಿದಳು. ನಿಜವಾಗಿಯೂ ಹೊನ್ನಾಳಮ್ಮ ಎಂದೇ ಇತ್ತು. ಅಷ್ಟು ಸಲ ಓದಿದ ತನಗೂ ಅದು ಕಂಡಿರಲಿಲ್ಲ. ಗುಮಾಸ್ತರ ಕೈಯಿಂದ ಪೆನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಯಾರನ್ನೂ ಕೇಳದೆ, ಹೆಸರನ್ನು ಹೊಡೆದು ಮೇಲೆ ಸರಿಯಾಗಿ ಬರೆದು, ಪಕ್ಕದಲ್ಲಿ ತನ್ನ ರುಜು ಹಾಕಿ ತಾರೀಖು ಬರೆದಳು.